ಕೈರೋದಾಗ ಒಂದ್ ಹಗಲು, ಸಂದೂಕದ ಸಮೇತ

ಒಂದೀಟು ತಡೀರಿ, ಪುಟ ತಿರುವಬ್ಯಾಡ್ರಿ. ರಾವಣ ದೊಡ್ಡ ಹೋಟೆಲಿನ ಬಚ್ಚಲದಾಗ ನೇತಾಡಿ ಹತ್ತೂ ತಲಿಗೆ ಉಗಿ ತಗೊಂಡಿದ್ದನ್ನ ನಾ ಈ ಕಣ್ಣಿಲೆ ನೋಡೀನಿ. ಅದು ಮುಂದ ಬರ್ತೈತಿ. ಅಲ್ಲಿಮಟ ಹೋಗಬೇಕಂದ್ರ ಮೊದಲ ಯಲಬುರ್ಗಾದ ಬಸ್ ಹತ್ತಬೇಕು, ಬರ್ರಿ.

ನಾ ಶರಣಪ್ಪ. ಎಸ್ಸೆಸ್ಸೆಲ್ಸಿ ಒಂದ ಏಟಿಗೆ ಪಾಸಾದಾಂವ ಅಲ್ಲ. ಆದ್ರ ಹಾರ್ಮೋನಿಯಂ ಯಾರ ಕೈಯಾಗೂ ಹೇಳಿಸಿಕೊಳ್ಳದ ಕಲ್ತೀನಿ, ಇಂಗ್ಲೀಷು ಟ್ರಾನ್ಸಿಸ್ಟರ್ ಕಿವಿಗೆ ಹಚ್ಚಿಕೊಂಡು ಕಲ್ತೀನಿ, ವಿಮಾನದ ಚಿತ್ರ ಕಂಡಲ್ಲೆ ಕತ್ತರಿಸಿ ಇಟ್ಟು ಅವುಗಳ ಹೆಸರು ಬಾಯಿಪಾಠ ಮಾಡೀನಿ. ಈಗ ಇದನ್ನೂ ಕೊಪ್ಪಳದ ಟೈಪಿಂಗ್ ಸಾಲ್ಯಾಗ ಕುಂತು ಬಾಯಿಗೆ ಬಂದಂಗ ಕುಟ್ಟಾಕ ಹತ್ತೀನಿ. ಅಕ್ಷರ ಅಲ್ಲೊಂದು ಇಲ್ಲೊಂದು ಹಾರಿದ್ರ ನೀವ ಕೂಡಿಸಿಕೊಂಡು ಓದ್ರಿ.

ಯಮನೂರಪ್ಪ ಕಾಕಾ ನಮ್ಮ ಸೀಮಿಯಾಗ ತೊಗಲಗೊಂಬಿ ಆಡಸಾಂವ. ಆಡಿನ ತೊಗಲು ತಿಕ್ಕಿ ತಿಕ್ಕಿ ತೆಳ್ಳಗ ಮಾಡಿ, ಬಣ್ಣ ಹಚ್ಚಿ, ದೀಪದ ಮುಂದ ಹಿಡದ್ರ ಪರದೆ ಮ್ಯಾಲ ಕೆಂಪು ಹಸರು ನೆರಳು ಬೀಳ್ತಾವಲ್ಲ, ಆ ಗೊಂಬಿ. ಅವನ ಹೇಣ್ತಿ ದುರ್ಗವ್ವ ಹಾಡ್ತಾಳ, ಗೊಂಬಿನೂ ಕುಣಸ್ತಾಳ. ನಾ ಪರದೆ ಹಿಂದ ಹಾರ್ಮೋನಿಯಂ. ಪಶ್ಚಿಮ ಜರ್ಮನಿಯ ಒಂದು ಊರಾಗ ದೇಶದೇಶದ ಗೊಂಬಿಯಾಟ ಕೂಡಸಾಕ ಹತ್ತ್ಯಾರ, ನೀವೂ ಬರ್ರಿ ಅಂತ ನಮಗ ಕರೆ ಬಂತು. ಇಡೀ ರಾಯಚೂರು ಜಿಲ್ಲಾದಾಗಿಂದ ನಾವು ಮೂರ ಮಂದಿ. ಊರಾಗ ಚಾದಂಗಡಿಯಾಂವ ಎರಡು ದಿನ ನನ್ನ ಕಡೆ ಚಾದ ರೊಕ್ಕ ಇಸಗೊಳ್ಳಲಿಲ್ಲ, ಇದನ್ನ ಬರೀಲಿಲ್ಲಂದ್ರ ಅಂವ ಬ್ಯಾಸರ ಮಾಡಿಕೊಂತಾನ.

ಗೊಂಬಿ ಇಡೂದು ಒಂದು ಕಟಗಿ ಪೆಟಗ್ಯಾಗ. ಮ್ಯಾಲ ತಗಡು ಬಡದೈತಿ, ಅದರ ಮ್ಯಾಲ ಕಂಬಳಿ ಸುತ್ತಿ ಹಗ್ಗ ಬಿಗದಿರ್ತಾನ. ನಮ್ಮ ಕಡೆ ಸಂದೂಕ ಅಂತಾರ. ಕಾಕಾನ ಅಜ್ಜ ಕೆತ್ತಿದ ಗೊಂಬಿ ಅದರಾಗ ಅದಾವ. ಆ ಸಂದೂಕಕ್ಕ ಮನಿತನದ ಕಟ್ಟಳಿ ಭಾಳ. ಗಣಪ ಎಲ್ಲಾರಿಗಿಂತ ಮ್ಯಾಲಿರಬೇಕು, ತೆಗೆಯೂವಾಗ ಅಂವನ ಮೊದಲ. ದೇವರು ರಾಕ್ಷಸರು ಒಬ್ಬರ ಮಗ್ಗಲಾಗ ಒಬ್ಬರು ಇರಬಾರ್ದು, ನಡುವ ಅರಿವಿ ಹಾಸಬೇಕು. ಸಂದೂಕದ ಮ್ಯಾಲ ಬ್ಯಾರೇ ಸಾಮಾನು ಏರಸಬಾರ್ದು. ಎಲ್ಲಾಕಿಂತ ದೊಡ್ಡದು ಅಂದ್ರ, ಒಮ್ಮೆ ಗೊಂಬಿ ಹೊರಗ ತೆಗದ್ರ ಒಂದ ಗಳಿಗಿ ಆದ್ರೂ ಆಡಸಬೇಕು, ಆಡಸಲಾರದ ತಿರಗಿ ಒಳಗ ಇಡಬಾರ್ದು.

ಯಲಬುರ್ಗಾದಿಂದ ಕೊಪ್ಪಳಕ್ಕ ಬಸ್ಸಿನ್ಯಾಗ ಹೋದ್ವಿ. ಸಂದೂಕಕ್ಕ ಕಂಡಕ್ಟರ್ ಬ್ಯಾರೇ ಲಗೇಜ್ ಟಿಕೀಟು ಹರದ. ಕಾಕಾ ಎಂದಿನಂಗ ತಾನ ಟಾಪ್ ಹತ್ತಿ ಕಟ್ಟಿದ. ಕೊಪ್ಪಳದಿಂದ ಸಣ್ಣ ರೈಲು ಗಾಡಿ ಹಿಡದು ಗುಂತಕಲ್ಲು, ಅಲ್ಲಿಂದ ಬೊಂಬಾಯಿ ಮೇಲು. ದಾರಿಗುಂಟ ಕಟಕ ರೊಟ್ಟಿ, ಗುರೆಳ್ಳ ಪುಡಿ, ಶೇಂಗಾ ಹಿಂಡಿ. ನಮ್ಮ ಸಂಗಾಟ ಬರಬೇಕಾಗಿದ್ದ ಸರಕಾರದ ಅಧಿಕಾರಿಗೆ ಬೊಂಬಾಯ್ಯಾಗ ಮನಿ ಕಡಿಂದ ತಾರು ಬಂತು, ಅವರು ಹೋಗಲೇಬೇಕಾತು. ಮೂರೂ ಪಾಸ್‌ಪೋರ್ಟು, ಟಿಕೀಟು ನನ್ನ ಕೈಗೆ ಕೊಟ್ಟು, ನಿನಗ ಇಂಗ್ಲೀಷ್ ಬರ್ತೈತಲ್ಲ, ನೀನ ಮುಖ್ಯಸ್ಥ ಅಂದ್ರು. ನಾ ಅಂಗಿ ಗುಂಡಿ ಕೊಳ್ಳಮಟ ಹಾಕ್ಕೊಂಡ್ನಿ.

ಬೊಂಬಾಯಿ ವಿಮಾನ ನಿಲ್ದಾಣದಾಗ ಸಂದೂಕ ಭಾಳ ದೊಡ್ಡದಾತು ಅಂತ ಸಾಮಾನು ಸಾಗೂ ಪಟ್ಟಿ ಮ್ಯಾಲ ಹಾಕಲಿಲ್ಲ. ಜರ್ಮನಿಯ ಹೆಸರು, ನಂಬರು ಇದ್ದ ಒಂದು ಚೀಟಿ ಹಗ್ಗಕ್ಕ ಕಟ್ಟಿ, ಅಲ್ಲೆ ಮೂಲ್ಯಾಗಿನ ಬಾಗಲಕ್ಕ ಕೊಡ್ರಿ, ಹಮಾಲರು ಒಯ್ತಾರ ಅಂದ್ರು. ಅದರ ತುಂಡು ನನ್ನ ಟಿಕೀಟಿಗೆ ಹಚ್ಚಿದ್ರು. ಕಾಕಾ ಮೂಲಿಗೆ ಒಯ್ದು ಕೊಟ್ಟು ಬಂದ. ನಾ ಗಾಜಿನ ಆಚೆ ನಿಂತ ವಿಮಾನದ ರೆಕ್ಕಿ ಎಣಸಾಕ ಹತ್ತಿದ್ನಿ, ಆ ಕಡೆ ಲಕ್ಷ್ಯ ಕೊಡಲಿಲ್ಲ.

ಕೈರೋದಾಗ ಇಳದಾಗ ಮುಂಜಾನಿ. ಮ್ಯಾಲಿಂದ ನೋಡಿದ್ರ ಹೊಳಿ ದಂಡಿಗುಂಟ ಹಸರು ಪಟ್ಟಿ, ಅದರ ಮಗ್ಗಲಕ್ಕ ಚಾಕುಲೆ ಕೊಯ್ದಂಗ ಬರೇ ಮಣ್ಣು. ದುರ್ಗವ್ವ ಕಿಡಕ್ಯಾಗ ಮುಖ ಇಟ್ಟು, ನೀರು ಮುಟ್ಟಿದ್ದೆಲ್ಲಾ ಗಂಗಾವತಿ, ಮುಟ್ಟಲಾರದ್ದು ನಮ್ಮ ಯಲಬುರ್ಗಾ ಕುಷ್ಟಗಿ, ಇಲ್ಲೂ ಅದ ಹಣೇಬರ ಅಂದ್ಳು. ನಾ ಸಾಲ್ಯಾಗ ಓದಿದ ಭೂಗೋಳ ಪೂರಾ ಒಂದ ಮಾತಿನ್ಯಾಗ ಮುಗಿಸಿಬಿಟ್ಳು.

ಜರ್ಮನಿ ವಿಮಾನ ಸಂಜಿಕಿತ್ತು. ಅಲ್ಲಿತನಕ ವಿಮಾನದವರದ ಖರ್ಚಿನ್ಯಾಗ ಊರೊಳಗ ಹೋಟೆಲು, ಊಟ. ಪಾಸ್‌ಪೋರ್ಟು ಅವರ ಕಡೆ ಇಟಗೊಂಡು ನಮಗೊಂದೊಂದು ಕಾರ್ಡು ಕೊಡ್ತಾರ, ಅದನ್ನ ತೋರಿಸಿ ಹೊರಗ ಹೋಗಬೇಕು. ಕೌಂಟರಿನ ಹೆಣ್ಣಮಗಳು ನನ್ನ ಟಿಕೀಟಿನ ತುಂಡು ನೋಡಿ, ಸಾಮಾನಿನ ಚಿಂತಿ ಬ್ಯಾಡ, ಅದು ನೇರ ಜರ್ಮನಿಗೆ ಹೋಗ್ತೈತಿ ಅಂದ್ಳು. ನಾ ಕಾಕಾಗ ಹಂಗ ಹೇಳಿದ್ನಿ. ಕಾಕಾ ಮೀಸಿ ಮ್ಯಾಲ ಕೈ ಆಡಿಸಿ ನಕ್ಕ.

"ಹೋಗದ ಎಲ್ಲಿಗೆ ಹೋಗ್ತೈತಿ? ಹಗ್ಗಕ್ಕ ಕಟ್ಟಿದ್ರಲ್ಲ ಆ ಚೀಟಿ, ಗಾಳಿಗೆ ಹಾರೀತಂತ ಬಿಚ್ಚಿ ಸಂದೂಕದಾಗ ಇಟ್ಟು ಕೀಲಿ ಹಾಕೀನಿ."

ನಾ ಟಿಕೀಟಿನ ತುಂಡು ಮತ್ತ ತೆಗದು ನೋಡಿದ್ನಿ. ಅಂವಂದೇನು ತಪ್ಪು ಹೇಳ್ರಿ. ಇಷ್ಟು ವರ್ಷ ಬಸ್ಸಿನ ಟಾಪಿನ ಮ್ಯಾಲ ಸಂದೂಕ ಹೊತ್ತು ತಿರಗ್ಯಾನ, ಲಗೇಜಿನ ಟಿಕೀಟು ಜ್ವಾಕಿ ಮಾಡಿದ್ರ ಸಾಮಾನು ಜ್ವಾಕಿ ಅಂತ ಕಲ್ತಾನ. ಹೊರಗ ಜೋತುಬಿಟ್ಟ ಚೀಟಿ ನೋಡಿನ ಹಮಾಲರು ಸಾಮಾನು ಎಲ್ಲಿಗೆ ಅಂತ ತಿಳಕೊಂತಾರ ಅಂತ ನಾ ಹೇಳಿದ ಮ್ಯಾಲ ಅಂವ ಮೀಸಿ ಮ್ಯಾಲಿನ ಕೈ ತೆಗದ. ದುರ್ಗವ್ವ ಬರೇ ಅಂವನ ಮುಖ ನೋಡಿದ್ಳು. ಆ ಸಂದೂಕ ಕಳಕೊಂಡ್ರ ಜರ್ಮನ್ಯಾಗ ಆಟ ಇಲ್ಲ ಅಷ್ಟ ಅಲ್ಲ, ಊರಾಗೂ ಇಲ್ಲ. ಅಂಥ ಗೊಂಬಿ ಮತ್ತ ಮಾಡಬೇಕಂದ್ರ ಕಾಕಾಗ ಇನ್ನೊಂದು ಆಯುಷ್ಯ ಬೇಕು.

ಸಂದೂಕ ನೋಡಲಾರದ ಇಲ್ಲಿಂದ ಕದಲಂಗಿಲ್ಲ ಅಂತ ನಾ ಕೌಂಟರಿಗೆ ಹೇಳಿದ್ನಿ. ಟ್ರಾನ್ಸಿಸ್ಟರ್ ಇಂಗ್ಲೀಷು ಅವತ್ತು ಎಷ್ಟು ಬಾಳಿಕಿ ಬಂತಂದ್ರ ನನಗ ನನ್ನ ಮ್ಯಾಲ ಭಾಳ ಪ್ರೀತಿ ಬಂತು. ಒಬ್ಬರು ಇನ್ನೊಬ್ಬರ ಕಡೆ ಕಳಿಸಿದ್ರು, ಅವರು ಮತ್ತೊಬ್ಬರ ಕಡೆ. ಹಿಂಗ ತಿರಗಿ ಬಿಸಲು ಏರಿದ ಮ್ಯಾಲ ಒಬ್ಬ ಹಮಾಲನ್ನ ಜೋಡಿ ಮಾಡಿ ಕೊಟ್ರು. ಸಯೀದ್ ಅಂತ ಅವನ ಹೆಸರು, ದೊಡ್ಡ ಹೊಟ್ಟಿ, ಸಣ್ಣ ದನಿ. ನಾ ಬಾಕ್ಸು ಬ್ಯಾಗೇಜು ಅಂತ ಕೈ ಅಗಲಿಸಿ ತೋರಸಾಕ ಹತ್ತಿದ್ನಿ. ಅಂವ ಕಾಕಾನ ಕಡೆ ನೋಡಿ, ಸಂದೂಕ್ ಅಂದ. ಕಾಕಾನ ಮುಖ ಅರಳಿತು. ನಿಜಾಮನ ಕಾಲದಾಗ ನಮ್ಮ ಬಾಯಿಗೆ ಬಂದ ಮಾತು ಇವರ ಬಾಯಾಗೂ ಐತಿ. ಆಮ್ಯಾಲ ಕುರ್ಸಿ, ಸಾಬೂನು, ದುನಿಯಾ ಅಂತ ಇಬ್ಬರೂ ನಡಕೊಂತ ಪರೀಕ್ಷಾ ಮಾಡಿಕೊಂಡ್ರು, ಎಲ್ಲಾ ಕೂಡಿದ್ವು.

ಚೀಟಿ ಇಲ್ಲದ ಸಾಮಾನೆಲ್ಲಾ ಒಂದು ಶೆಡ್ಡಿನ ಹೊರಗ ಗ್ವಾಡಿಗೆ ಹಚ್ಚಿ ಇಟ್ಟಿದ್ರು. ನಮ್ಮ ಸಂದೂಕ ಅಲ್ಲಿತ್ತು, ಉರಿ ಬಿಸಲಾಗ. ಕಂಬಳಿ ಒಂದು ಕಡೆ ಜಾರಿತ್ತು, ತಗಡು ಮುಟ್ಟಿದ್ರ ಕೈ ಸುಡ್ತಿತ್ತು. ನನಗ ಸಿಕ್ಕೇ ಬಿಡ್ತಲ್ಲ ಅಂತ ಖುಷಿ. ಗಂಡ ಹೇಣ್ತಿ ಇಬ್ಬರೂ ತಗಡಿನ ಮ್ಯಾಲ ಕೈ ಇಟ್ಟು ಕಾವು ನೋಡಿದ್ರು, ಬಿಸಲಿಗೆ ತೊಗಲು ಸೆಟೀತೈತಿ.

ಕಸ್ಟಮ್ಸಿನವರು ತೆಗೀರಿ ಅಂದ್ರು. ಕಾಕಾ ಚಪ್ಪಲ್ ಬಿಟ್ಟು, ಕೀಲಿ ತೆಗದು, ಮೊದಲ ಗಣಪನ್ನ ಎತ್ತಿದ. ಅಧಿಕಾರಿ ಒಳಗ ಕೈ ಹಾಕಾಕ ಬಂದ, ದುರ್ಗವ್ವ ಅವನ ಮಣಿಕಟ್ಟು ಹಿಡದು ಬಾಜೂಕ ಇಟ್ಳು, ಮನ್ಯಾಗ ಅಡಗಿ ಮುಟ್ಟೂ ಹುಡುಗರ ಕೈ ಇಟ್ಟಂಗ. ಅಂವ ಯಾಕೋ ಸಿಟ್ಟಾಗಲಿಲ್ಲ. ಗಣಪನ ಸೊಂಡ್ಲಿ ಸುರಳಿ ಸುತ್ತಿತ್ತು. ರಾಮನ ತೋಳು ಒಳಗ ಮಡಚಿತ್ತು. ಹನುಮಪ್ಪನ ಬಾಲ, ರಾವಣನ ಕಡೀ ಎರಡು ತಲಿ, ಎಲ್ಲಾ ಕೆಂಡದ ಮ್ಯಾಲ ಹಿಡದ ಹಪ್ಪಳದಂಗ ಸೆಟದು ನಿಂತಿದ್ವು. ಬಿಡಸಾಕ ಹೋದ್ರ ಸೀಳತಾವ, ಬಿಟ್ರ ಆಡಂಗಿಲ್ಲ. ಜರ್ಮನ್ಯಾಗ ನಮ್ಮ ಆಟ ಮರುದಿನನ ಇತ್ತು.

ಚೀಟಿ ಗಣಪನ ಬುಡಕ ಛಂದಾಗಿ ಕುಂತಿತ್ತು. ಆದ್ರ ಹೊರಗ ಚೀಟಿ ಇಲ್ಲದ ಬಂದ ಸಾಮಾನು ತಮ್ಮ ಶೆಡ್ಡಿನ್ಯಾಗ ಇಟಗೊಳ್ಳಂಗಿಲ್ಲ, ನೀವ ಹೊರಗ ಒಯ್ದು ಸಂಜಿಕಿ ಹೊಸದಾಗಿ ಬುಕ್ ಮಾಡ್ರಿ ಅಂತ ಅಧಿಕಾರಿ ಒಂದು ಕಾಗದಕ್ಕ ಸಿಕ್ಕಾ ಒತ್ತಿ ಕೊಟ್ಟ. ನಾ ತೊಂದ್ರಿ ಆತು ಅಂತ ಮುಖ ಸಣ್ಣ ಮಾಡಿದ್ನಿ. ದುರ್ಗವ್ವ ಮಾತ್ರ, ಛಲೋ ಆತು, ನಡೀರಿ, ನೀರು ಇರೂ ಕಡೆ ನಡೀರಿ ಅಂದ್ಳು.

ಹೋಟೆಲಿನ ಬಸ್ಸಿನಾಂವ ಸಂದೂಕ ಒಳಗ ಬ್ಯಾಡ ಅಂದ. ಕಾಕಾಗ ಅದ ಬೇಕಿತ್ತು. ಧೋತ್ರ ಕಚ್ಚಿ ಹಾಕಿ ಟಾಪ್ ಹತ್ತಿ, ಎಲ್ಲಾರ ಸೂಟಕೇಸಿನ ಮ್ಯಾಲ ಇಟ್ಟು, ಕಂಬಳಿ ಹೊಚ್ಚಿ, ಅದರ ಮ್ಯಾಲ ಬಾಟ್ಲಿ ನೀರು ಸುರುವಿ ಬಿಗದ. ಕೆಳಗ ಗೋರಾ ಮಂದಿ ಕುತಗಿ ಎತ್ತಿ ನೋಡಾಕ ಹತ್ತಿದ್ರು. ಊರಾಗ ಹಾರ್ನಿನ ಸಪ್ಪಳ ಕಿವಿ ಕಿತ್ತು ತಿಂತಿತ್ತು. ಕತ್ತಿ ಎಳಿಯೂ ಗಾಡ್ಯಾಗ ಹಸೀ ಮೇವು, ಖಜೂರಿ ಗಿಡ, ಧೂಳ ಬಣ್ಣದ ಎತ್ತರದ ಮನಿಗಳು. ಹೊಳಿ ಬಂತು. ಮುನಿರಾಬಾದಿನ್ಯಾಗ ಡ್ಯಾಮ್ ತುಂಬಿ ನಿಂತಾಗಿನ ನಮ್ಮ ತುಂಗಭದ್ರಾಕ್ಕಿಂತ ದೊಡ್ಡದೇನಲ್ಲ ಅಂತ ಕಾಕಾ ತೀರ್ಪು ಕೊಟ್ಟ. ನೈಲ್ ನದಿ ಪುಸ್ತಕದಾಗ ಭಾಳ ದೊಡ್ಡದೈತಿ ಅಂತ ಹೇಳಾಕ ನಾ ಧೈರ್ಯ ಮಾಡಲಿಲ್ಲ.

ಹೋಟೆಲಿನ್ಯಾಗ ಎರಡು ಖೋಲಿ. ಬಚ್ಚಲದಾಗ ಬಿಳೀ ತೊಟ್ಟಿ, ನಳ ತಿರುವಿದ್ರ ಕುದ್ದ ನೀರು. ದುರ್ಗವ್ವ ತೊಟ್ಟಿ ತುಂಬ ಬಿಸಿನೀರು ಬಿಡಿಸಿ, ಬಾಗಲ ಮುಚ್ಚಿ, ಉಗಿ ಕಟ್ಟಿದ ಮ್ಯಾಲ ಗೊಂಬಿ ಒಂದೊಂದ ಒಳಗ ಒಯ್ದು ಪರದೆ ಹಾಕೂ ಕೋಲಿಗೆ ದಾರಲೆ ನೇತು ಹಾಕಿದ್ಳು. ಹಸೀ ಅರಿವಿ ಹಿಂಡಿ ಹಿಂಡಿ, ಬಣ್ಣ ಮುಟ್ಟಲಾರದಂಗ ಹಿಂದಿಂದ ಒತ್ತಬೇಕು. ನೀರು ಹೆಚ್ಚಾದ್ರ ಬಣ್ಣ ಇಳೀತೈತಿ, ಕಮ್ಮಿ ಆದ್ರ ತೊಗಲು ಬಿಡಂಗಿಲ್ಲ. ಆದ್ರ ದೇವರು ರಾಕ್ಷಸರು ಒಂದ ಬಚ್ಚಲದಾಗ ಹೆಂಗ ಜಳಕ ಮಾಡ್ತಾರ? ಹಿಂಗಾಗಿ ರಾಮ, ಸೀತಾ, ಲಕ್ಷ್ಮಣ, ಹನುಮಪ್ಪ ಕಾಕಾ ದುರ್ಗವ್ವನ ಖೋಲ್ಯಾಗ ಉಳದ್ರು. ರಾವಣ, ಕುಂಭಕರ್ಣ, ಶೂರ್ಪನಖಿ ಲಂಕಾ ಸಮೇತ ನನ್ನ ಖೋಲಿಗೆ ಬಂದ್ರು. ಫಾರಿನ್ನಿನ ಮೊದಲನೇ ಖೋಲಿ, ಹಂಚಿಕೊಂಡಿದ್ದು ಯಾರ ಸಂಗಾಟ ನೋಡ್ರಿ.

ಒಬ್ಬ ಮೀಸಿ ಬೆಳ್ಳಗಾದ ನೌಕರ ಟವಲ್ ಇಡಾಕ ನನ್ನ ಬಚ್ಚಲ ತೆಗದ. ಉಗಿ ಒಳಗಿಂದ ಹತ್ತು ತಲಿ ಅವನ್ನ ನೋಡಿದ್ವು. ಅಂವ ಟವಲ್ ಅಲ್ಲೆ ಬಿಟ್ಟು, ದೇವರ ಹೆಸರು ತಗೊಂತ ಹಿಂದಕ್ಕ ನಡದ. ಸ್ವಲ್ಪ ಹೊತ್ತಿಗೆ ಅರಿವಿ ಒಗಿಯೂ ಖಾತೆಯ ಯಜಮಾನನ್ನ ಕರಕೊಂಡು ಬಂದ. ಯಜಮಾನ ಗೊಂಬಿ ನೋಡಿದ, ದುರ್ಗವ್ವನ ಕೈಯಾಗಿನ ಹಸೀ ಅರಿವಿ ನೋಡಿದ, ಪಟ್ಟನ ತಿಳಕೊಂಡ. ಓಡಿಹೋಗಿ ದೊಡ್ಡ ಇಸ್ತ್ರಿ ಪೆಟಗಿ ತಂದ. ಇಸ್ತ್ರಿ ಮುಟ್ಟಿಸಿದ್ರ ಕೈ ಮುರೀತೀನಂತ ಹೇಳು ಅವಂಗ ಅಂತ ದುರ್ಗವ್ವ ನನಗ ಅಂದ್ಳು. ಅಮ್ಮಾರು ನಿಮಗ ಭಾಳ ಧನ್ಯವಾದ ಹೇಳಾಕ ಹತ್ತ್ಯಾರ, ಆದ್ರ ಬಿಸಿ ಬ್ಯಾಡಂತ ಅಂತ ನಾ ಇಂಗ್ಲೀಷಿನ್ಯಾಗ ಹೇಳಿದ್ನಿ. ಯಜಮಾನ ಅಕಿ ಮುಖ ನೋಡಿನ ಖರೇ ಮಾತು ತಿಳಕೊಂಡಿದ್ದ, ನಕ್ಕೊಂತ ಇಸ್ತ್ರಿ ಹಿಂದ ಸರಿಸಿದ.

ನೀವಿಬ್ಬರೂ ಮುಂದ ನಿಂತು ಉಸರು ಬಿಟ್ರ ತೊಗಲು ಬಿಡಂಗಿಲ್ಲ, ಹೊರಗ ನಡೀರಿ ಅಂತ ಅಕಿ ನಮ್ಮನ್ನ ಹೊರಗ ಹಾಕಿದ್ಳು. ಕೆಳಗ ಊಟ ಇತ್ತು. ಬೇಯಿಸಿದ ಅವರಿಯಂಥ ಕಾಳು, ಉಬ್ಬಿದ ದಪ್ಪ ರೊಟ್ಟಿ, ಉಪ್ಪಿನ್ಯಾಗ ಹಾಕಿದ ಗಜ್ಜರಿ. ನಾ ಹೊಟ್ಟಿತುಂಬ ತಿಂದ್ನಿ. ಕಾಕಾ ಅರ್ಧ ರೊಟ್ಟಿ ಮುರದು ಕೈಯಾಗ ಇಟಗೊಂಡ, ತಿನ್ನಲಿಲ್ಲ. ರಸ್ತೆ ದಾಟಿ ಹೊಳಿ ಕಟ್ಟಿ ಮ್ಯಾಲ ಹೋಗಿ ಕುಂತ್ವಿ. ಉದ್ದನ್ನ ಹಾಯಿ ಕಟ್ಟಿದ ನಾವಿ ಹೊಂಟಿದ್ವು. ಅವುಗಳನ್ನ ನೋಡಿಕೊಂತ ಕಾಕಾ ಹೇಳಿದ, ತನ್ನಪ್ಪ ಸಾಯೂವಾಗ ಹೊಲ ಮನಿ ಬಗ್ಗೆ ಒಂದ ಮಾತೂ ಆಡಲಿಲ್ಲಂತ, ಸಂದೂಕ ಬಿಸಲಾಗ ಇಡಬ್ಯಾಡ ಅಂದಿದ್ದಂತ.

"ಅಷ್ಟ ಹೇಳಿದ್ದ ಶರಣ್ಯಾ. ಅದೊಂದ ಹೇಳಿದ್ದ."

ನಾ ಅಂವನ ಮಗ್ಗಲಿಗೆ ಸರದು ಕುಂತ್ನಿ.

ತಿರಗಿ ಹೋದಾಗ ದುರ್ಗವ್ವ ಹಾಸಿಗಿ ಮ್ಯಾಲಿನ ಬಿಳೀ ಚಾದರದಾಗ ಗಣಪನ್ನ ಮಲಗಿಸಿದ್ಳು. ಸೊಂಡ್ಲಿ ನೆಟ್ಟಗಾಗಿತ್ತು. ರಾಮನ ತೋಳು ಬಿಟ್ಟಿತ್ತು. ಕಾಕಾ ಒಂದೊಂದ ಗೊಂಬಿ ಎತ್ತಿ ಕಿಡಕಿ ಬೆಳಕಿಗೆ ಹಿಡದು ನೋಡಿದ, ಎಲ್ಲೂ ಸೀಳಿರಲಿಲ್ಲ. ಆದ್ರ ಹನುಮಪ್ಪನ ಬಾಲ ಇನ್ನೂ ಬಿರುಸಿತ್ತು. ಬಾಲ ಆಡಲಾರದ ಹನುಮಪ್ಪನ್ನ ತಗೊಂಡು ಲಂಕಾಕ್ಕ ಹೆಂಗ ಹೋಗೂದು. ಆಡಿಸಿದ್ರನ ತಿಳೀತೈತಿ ಅಂದ ಕಾಕಾ. ಹೆಂಗೂ ಗೊಂಬಿ ಹೊರಗ ತೆಗದೀವಿ, ಆಡಸಲಾರದ ಮುಚ್ಚಂಗಿಲ್ಲ.

ಯಜಮಾನ ನಮ್ಮನ್ನ ನೆಲಮನ್ಯಾಗಿದ್ದ ತನ್ನ ಒಗಿಯೂ ಖೋಲಿಗೆ ಕರಕೊಂಡು ಹೋದ. ಅಲ್ಲೆ ಕಿಡಕಿ ಇರಲಿಲ್ಲ, ಹಾಡಹಗಲಿಗೂ ಕತ್ತಲಿ, ಬಿಳೀ ಚಾದರಕ್ಕ ಕಮ್ಮಿ ಇಲ್ಲ. ಎರಡು ಹಗ್ಗದ ನಡುವ ಚಾದರ ಬಿಗದು, ಹಿಂದ ಒಂದು ಮೇಜಿನ ದೀಪ ಇಟ್ವಿ. ಒಗಿಯೂರು, ಮಡಚೂರು, ಅಡಗಿಯವರು ಇಬ್ಬರು, ಟವಲ್ ಬಿಟ್ಟು ಹೋದ ಮೀಸಿಯಾಂವ, ಎಲ್ಲಾರೂ ಅರಿವಿ ಗಂಟಿನ ಮ್ಯಾಲ ಕುಂತ್ರು. ನಾ ಬೊಂಬಾಯಿಂದ ಕೈಯಾಗ ಹಿಡಕೊಂಡ ಬಂದಿದ್ದ ಹಾರ್ಮೋನಿಯಂ ತಿದಿ ಒತ್ತಿದ್ನಿ. ಗಣಪ ಬಂದ, ಹೋದ. ಆಮ್ಯಾಲ ರಾವಣನ ಸಭಾ. ರಾವಣ ಕುರ್ಸಿ ಕೊಡಲಿಲ್ಲಂತ ಹನುಮಪ್ಪ ತನ್ನ ಬಾಲಾನ ಸುತ್ತಿ ಅದರ ಮ್ಯಾಲ ಅಂವಗಿಂತ ಎತ್ತರ ಕುಂದರ್ತಾನಲ್ಲ, ಅದ ಕಥಿ ಹಿಡದ ಕಾಕಾ. ಹನುಮಪ್ಪ ಹುಟ್ಟಿದ್ದು ನಮ್ಮ ಹನುಮನಹಳ್ಳಿ ಗುಡ್ಡದಾಗ, ಅಂವ ನಮ್ಮ ತಾಲೂಕಿನ ಮಗ್ಗಲಿನಾಂವ ಅಂತ ಹೇಳಿ ಸುರು ಮಾಡಿದ. ಅಲ್ಲಿ ಯಾರಿಗೆ ತಿಳೀಬೇಕು, ಆದ್ರೂ ಹೇಳಿದ.

ಬಾಲ ಎತ್ತೂ ಜಾಗಾ ಬಂತು. ಪರದೆ ಹಿಂದ ದುರ್ಗವ್ವನ ಬೆರಳು ಬಾಲದ ಕಡ್ಡಿ ಮ್ಯಾಲಿತ್ತು. ಒಮ್ಮೆ ಎತ್ತಿದ್ಳು, ಏಳಲಿಲ್ಲ. ಹಾಡು ಬಿಡಲಿಲ್ಲ ಅಕಿ, ಅದ ಸಾಲು ಮತ್ತೊಮ್ಮೆ ತಿರುವಿದ್ಳು. ನಾನೂ ಸ್ವರ ತಿರುವಿದ್ನಿ. ಕಾಕಾನ ಬೆವರು ರಾವಣನ ಕೋಲಿನ ಮ್ಯಾಲ ಇಳೀತಿತ್ತು. ಎರಡನೇ ಸಲ ಬಾಲ ಒಂದೀಟು ನಡುಗಿ, ಜೀವ ಬಂದಂಗ ಎದ್ದು, ಸುತ್ತಿ ಸುತ್ತಿ ಮ್ಯಾಲಕ್ಕ ಹೋತು. ಆಚೆ ಕಡೆ ಮಂದಿ ಹೋ ಅಂತ ನಕ್ಕ ಸಪ್ಪಳ ಕೇಳ್ತು. ಒಂದ ಮಾತೂ ತಿಳೀಲಾರದ ಮಂದಿ, ನಮ್ಮೂರಾಗ ನಗೂ ಜಾಗಾದಾಗನ ನಕ್ಕಿದ್ರು. ಕಾಕಾನ ದನಿ ಆಮ್ಯಾಲ ಏರಿದ್ದು ನೋಡ್ರಿ, ನಾ ನಾಕು ವರ್ಷ ಅವನ ಹಿಂದ ಬಾರಿಸೀನಿ, ಅಂಥ ದನಿ ಕೇಳಿರಲಿಲ್ಲ. ನಮ್ಮ ಫಾರಿನ್ನಿನ ಮೊದಲನೇ ಆಟ ಜರ್ಮನ್ಯಾಗ ಅಲ್ಲ, ಕೈರೋದ ಒಗಿಯೂ ಖೋಲ್ಯಾಗ ಆಗೈತಿ. ಇದನ್ನ ನಾ ಎದಿ ತಟ್ಟಿ ಹೇಳ್ತೀನಿ.

ಆಟ ಮುಗದ ಮ್ಯಾಲ ದುರ್ಗವ್ವ ಊರಾಗಿನಂಗ ಸೆರಗು ಹಿಡದು ಮುಂದ ಹೋದ್ಳು. ಆಡಿದ ಮ್ಯಾಲ ಊರು ಕಾಳು ಕೊಡಬೇಕು. ಆ ಮಂದಿಗೆ ಯಾರೂ ಹೇಳಲಿಲ್ಲ, ಹೆಂಗ ತಿಳೀತೋ, ಅಡಗಿಯಾಂವ ಓಡಿಹೋಗಿ ಒಂದು ಬೊಗಸಿ ಅಕ್ಕಿ ತಂದು ಸುರುವಿದ. ದುರ್ಗವ್ವ ನಾಕು ಕಾಳು ಅಂಗೈಯಾಗ ಹಿಡದು ನೋಡಿದ್ಳು, ಗಿಡ್ಡ ದಪ್ಪ ಅಕ್ಕಿ. ಗಂಗಾವತಿ ಮಿಲ್ಲಿನವರು ಇದನ್ನ ಕೋಳಿಗೆ ಹಾಕ್ತಾರ ಅಂದ್ಳು ನನಗ, ಅವರಿಗೆ ತಲಿಬಾಗಿ ಕೈ ಮುಗದ್ಳು, ಸೆರಗಿನ ತುದಿಗೆ ಗಂಟು ಹಾಕಿ ಬಿಗದು ಸೊಂಟಕ್ಕ ಸಿಗಿಸಿದ್ಳು. ತನ್ನ ಗಂಟಿನ್ಯಾಗಿನ ಕಟಕ ರೊಟ್ಟಿ ಎಲ್ಲಾ ಅವರಿಗೆ ಹಂಚಿದ್ಳು. ಯಜಮಾನ ಕಡದು, ಹಲ್ಲು ಹಿಡಕೊಂಡು, ಮತ್ತೊಂದು ಕೇಳಿದ.

ಸಂಜಿಕಿ ನಿಲ್ದಾಣಕ್ಕ ಬಂದ್ವಿ. ಸಿಕ್ಕಾ ಒತ್ತಿದ ಕಾಗದ ತೋರಿಸಿದ್ನಿ, ಪಾಸ್‌ಪೋರ್ಟು ಇಸಗೊಂಡ್ನಿ, ಸಂದೂಕ ತೂಗಿದ್ರು, ಹೊಸ ಚೀಟಿ ಬರದ್ರು. ಕೌಂಟರಿನಾಕಿ ಅದನ್ನ ಹಗ್ಗಕ್ಕ ಕಟ್ಟಿದ ಮ್ಯಾಲ ಕಾಕಾ ಎರಡೂ ಕೈ ಬೆನ್ನ ಹಿಂದ ಕಟಗೊಂಡು ಮೂರು ಹೆಜ್ಜಿ ಸರದು ನಿಂತ.

"ಇನ್ನೊಂದು ಚೀಟಿ ಕೊಡಂತ ಕೇಳು ಶರಣ್ಯಾ," ಅಂದ್ಳು ದುರ್ಗವ್ವ. "ಇಂವಗೂ ಒಂದು ಕಟ್ಟಿಬಿಡೂಣು."

ಮುಂಜಾನಿಯಿಂದ ತಡಕೊಂಡಿದ್ದು ಅದೊಂದ ಮಾತು. ಕಾಕಾ ನಕ್ಕ. ಅವತ್ತು ಅಂವ ಪೂರಾ ಹಲ್ಲು ಬಿಟ್ಟು ನಕ್ಕಿದ್ದು ಆಗ.

ಆ ವಿಮಾನಕ್ಕ ಒಂದು ಪದ್ಧತಿ ಇತ್ತು. ಹತ್ತೂ ಮೊದಲ ಎಲ್ಲಾರ ಸಾಮಾನು ವಿಮಾನದ ಬುಡಕ ನೆಲದ ಮ್ಯಾಲ ಇಟ್ಟಿರ್ತಾರ. ಅವರವರು ಬಂದು ತಮ್ಮದು ತೋರಸಬೇಕು, ಯಾರೂ ತೋರಸಲಾರದ್ದನ್ನ ಅಲ್ಲೇ ಬಿಡ್ತಾರ. ಮಂದಿ ಬೆರಳು ಮಾಡಿ ತೋರಿಸಿ ಮ್ಯಾಲ ಹತ್ತಾಕ ಹತ್ತಿದ್ರು. ಸಂದೂಕದ ಮ್ಯಾಲ ಯಾರದೋ ಎರಡು ಸೂಟಕೇಸು ಏರಿಸಿದ್ರು. ಕಾಕಾ ಹೋಗಿ, ಆ ಬಿಸಿ ನೆಲದ ಮ್ಯಾಲ ಚಪ್ಪಲ್ ಬಿಟ್ಟು, ಕಂಬಳಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಗಾಡಿ ಮಗ್ಗಲಾಗ ನಿಂತಿದ್ದಾಂವ ಸಯೀದನ. ಅಂವ ಕಾಕಾನ ಬರಿಗಾಲು ನೋಡಿದ. ಎರಡೂ ಸೂಟಕೇಸು ಇಳಿಸಿ ಗಾಡ್ಯಾಗ ಕೆಳಗ ಹಾಕಿದ. ಉಳದ ಸಾಮಾನೂ ಹಾಕಿದ. ಕಡೀಕ ಸಂದೂಕಕ್ಕ ಇನ್ನೊಬ್ಬನ್ನ ಕರದು, ಇಬ್ಬರೂ ಎರಡು ಕಡೆ ಹಿಡದು, ಎಲ್ಲಾದರ ಮ್ಯಾಲ ಇಟ್ರು. ನಾವು ಮೂರೂ ಮಂದಿ ಪಾವಟಿಗಿ ಮ್ಯಾಲ ನಿಂತು ತಿರಗಿ ನೋಡಿದ್ವಿ. ದೇಶದೇಶದ ಚರ್ಮದ ಸೂಟಕೇಸಿನ ಗುಂಪಿ, ಅದರ ತುದಿಗೆ ಯಲಬುರ್ಗಾ ಸಂತ್ಯಾಗ ಕೊಂಡ ಕರೀ ಕಂಬಳಿ. ಹಿಂದಿನವರು ನಡೀರಿ ನಡೀರಿ ಅನ್ನೂಮಟ ನಾವು ಕದಲಲಿಲ್ಲ.

ಜರ್ಮನಿ ಸುದ್ದಿ ಪೇಪರಿನ್ಯಾಗ ಬಂದೈತಿ, ಅದನ್ನ ಮತ್ತ ಕುಟ್ಟಂಗಿಲ್ಲ. ನನಗ ನಿಮ್ಮ ಸುದ್ದಿ ಬೇಕಾಗೈತಿ. ವಿಮಾನನ ಆಗಬೇಕಂತಿಲ್ಲ, ಹಡಗಿರಲಿ, ರೈಲಿರಲಿ, ಕೆಂಪು ಬಸ್ಸಿನ ಟಾಪಿರಲಿ. ಕೈ ಬಿಡಾಕ ಮನಸ್ಸಿಲ್ಲದ ಒಂದು ಸಾಮಾನನ್ನ ಗುರ್ತಿಲ್ಲದವರ ಕೈ ಮ್ಯಾಲ ನೀವು ಯಾವಾಗರೆ ಇಟ್ಟೀರೇನು? ಏನಿತ್ತು ಅದರಾಗ, ಹೆಂಗ ಮುಟ್ಟಿತು? ಬರದು ಕಳಸ್ರಿ. ಅಕ್ಷರ ತಪ್ಪಿದ್ರೂ ನಡೀತೈತಿ, ನಾ ಓದ್ತೀನಿ.